ಐಇಎಲ್‌ಟಿಎಸ್, ಪಿಟಿಇ, ಟೋಫೆಲ್, ಡ್ಯುಯೊಲಿಂಗೊ: ಫೀ ಕಟ್ಟೋ ಮುಂಚೆ ಇದನ್ನ ಓದಿ

ಸಿಂಧನೂರು: ಮಗ ಬಿಇ ಮುಗಿಸಿದ್ದಾನೆ, ಇಲ್ಲಾ ಮಗಳು ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಹೊರದೇಶಕ್ಕೆ ಹೋಗ್ತೀನಿ ಅಂತ ಮನೆಯಲ್ಲಿ ಮಾತು ತೆಗೆದಿದ್ದಾರೆ. ಮೊದಲೆಲ್ಲ ಇಂಥ ಮಾತು ಕ್ಯಾಂಪ್‌ಗಳ ಕೆಲವು ಮನೆಗಳಲ್ಲಿ ಮಾತ್ರ ಕೇಳುತ್ತಿತ್ತು. ಈಗ ಸಿಂಧನೂರಿನ ಗಂಜ್‌ನಲ್ಲಿ, ಲಿಂಗಸುಗೂರಿನ ಕಿರಾಣಿ ಅಂಗಡಿಯಲ್ಲಿ, ಮಸ್ಕಿಯ ಮೆಡಿಕಲ್ ಸ್ಟೋರ್ ಮುಂದೆ ಕೂಡ ಅದೇ ಪ್ರಶ್ನೆ: "ಇಂಗ್ಲಿಷ್ ಪರೀಕ್ಷೆ ಬರೀಬೇಕಂತಲ್ರಿ, ಯಾವ್ದು ಬರೀಬೇಕು?"

ಈ ಪ್ರಶ್ನೆಗೆ ಕೋಚಿಂಗ್ ಸೆಂಟರಿನವರು ಒಂದು ಉತ್ತರ ಕೊಡ್ತಾರೆ, ಕನ್ಸಲ್ಟೆನ್ಸಿಯವರು ಇನ್ನೊಂದು, ಹೈದರಾಬಾದಿನಲ್ಲಿರೋ ಅಳಿಯ ಮತ್ತೊಂದು. ತಪ್ಪು ಆರಿಸಿದರೆ ಹೋಗುವುದು ಸಣ್ಣ ದುಡ್ಡಲ್ಲ. ಐಇಎಲ್‌ಟಿಎಸ್ ಒಂದು ಸಲ ಬರೆಯಲು ಈಗ ಸುಮಾರು 18 ಸಾವಿರ ರೂಪಾಯಿ. 2025-26ರ ಸಾಲಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ನಮ್ಮ ಕಡೆಯ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಹೇಳಬೇಕಂದ್ರೆ, ಒಂದು ಪರೀಕ್ಷೆಗೆ ಹತ್ತು ಚೀಲ ಭತ್ತ. ಸ್ಕೋರ್ ಬರಲಿಲ್ಲ ಅಂದ್ರೆ ಮತ್ತೆ ಹತ್ತು ಚೀಲ.

ಅದಕ್ಕೇ ಪರೀಕ್ಷೆಯ ಹೆಸರು ಹಿಡಿದು ಶುರು ಮಾಡೋದು ಉಲ್ಟಾ ದಾರಿ. ಮೊದಲು ಯಾವ ದೇಶ, ಆಮೇಲೆ ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್ ಅಂತ ಗೊತ್ತಾಗಬೇಕು. ಆ ವಿ.ವಿ.ಯ ವೆಬ್‌ಸೈಟ್‌ನಲ್ಲಿ ಯಾವ ಪರೀಕ್ಷೆ ನಡೆಯುತ್ತೆ, ಎಷ್ಟು ಅಂಕ ಬೇಕು ಅಂತ ಬರೆದಿರುತ್ತದೆ. ಅದರ ಪಕ್ಕದಲ್ಲೇ ಆ ದೇಶದ ವೀಸಾ ಇಲಾಖೆ ಏನು ಕೇಳುತ್ತೆ ಅಂತಾನೂ ನೋಡಬೇಕು. ಕಾಲೇಜು ಒಪ್ಪಿದ ಪರೀಕ್ಷೆಯನ್ನು ವೀಸಾ ಆಫೀಸು ಒಪ್ಪಲೇಬೇಕು ಅಂತೇನಿಲ್ಲ. ಜನ ಎಡವೋದು ಹೆಚ್ಚಾಗಿ ಇಲ್ಲೇ.

ಯಾವ ದೇಶಕ್ಕೆ ಏನು?

ಅಮೆರಿಕದ ವಿಷಯ ಸರಳ. ವಿದ್ಯಾರ್ಥಿ ವೀಸಾಕ್ಕೆ ಅಲ್ಲಿನ ಸರ್ಕಾರ ಇಂಥದೇ ಪರೀಕ್ಷೆ ಬರೀರಿ ಅಂತ ಹೇಳಲ್ಲ. ವಿ.ವಿ. ಒಪ್ಪಿದರೆ ಆಯ್ತು. ಟೋಫೆಲ್, ಐಇಎಲ್‌ಟಿಎಸ್ ಎರಡನ್ನೂ ಹೆಚ್ಚುಕಡಿಮೆ ಎಲ್ಲ ಕಡೆ ತಗೊಳ್ತಾರೆ, ಪಿಟಿಇ ಮತ್ತು ಡ್ಯುಯೊಲಿಂಗೊ ಕೂಡ ಬಹಳಷ್ಟು ಕಡೆ ನಡೆಯುತ್ತವೆ. ಆದರೆ ವೀಸಾ ಸಂದರ್ಶನದಲ್ಲಿ ಅಧಿಕಾರಿ ಇಂಗ್ಲಿಷ್‌ನಲ್ಲೇ ಪ್ರಶ್ನೆ ಕೇಳ್ತಾರೆ, ಎರಡು-ಮೂರು ನಿಮಿಷದಲ್ಲಿ ಮುಗಿಸ್ತಾರೆ. ಅಲ್ಲಿ ಸರ್ಟಿಫಿಕೇಟ್‌ಗಿಂತ ಬಾಯಿ ಮುಖ್ಯ.

ಬ್ರಿಟನ್ ಸ್ವಲ್ಪ ಗೋಜಲು. ಡಿಗ್ರಿ ಅಥವಾ ಮಾಸ್ಟರ್ಸ್ ಓದಲು ಹೋಗುವವರ ಇಂಗ್ಲಿಷ್ ಮಟ್ಟವನ್ನು ಅಲ್ಲಿನ ವಿಶ್ವವಿದ್ಯಾಲಯವೇ ಪರೀಕ್ಷಿಸಿ ಒಪ್ಪಬಹುದು. ಹಾಗಾಗಿ ಸಾಮಾನ್ಯ ಐಇಎಲ್‌ಟಿಎಸ್ ಅಕಾಡೆಮಿಕ್ ನಡೆಯುತ್ತೆ, ಕೆಲವು ಕಡೆ ಡ್ಯುಯೊಲಿಂಗೊ, ಟೋಫೆಲ್ ಕೂಡ ನಡೆಯುತ್ತವೆ. ಆದರೆ ಡಿಗ್ರಿಗಿಂತ ಕೆಳಗಿನ ಫೌಂಡೇಶನ್ ಕೋರ್ಸಿಗೆ ಹೋಗೋರಿಗೆ ಬ್ರಿಟನ್ ಗೃಹ ಇಲಾಖೆ ಮಾನ್ಯ ಮಾಡಿದ ಪರೀಕ್ಷೆಯೇ ಆಗಬೇಕು. ಐಇಎಲ್‌ಟಿಎಸ್‌ನಲ್ಲೇ "ಯುಕೆವಿಐ" ಅಂತ ಬೇರೆ ಬುಕಿಂಗ್ ಇದೆ, ಫೀ ಕೂಡ ಬೇರೆ. ಪ್ರಶ್ನೆಪತ್ರಿಕೆ ಒಂದೇ ತರಹ ಇದ್ದರೂ ಬುಕ್ ಮಾಡುವಾಗ ತಪ್ಪು ಬಟನ್ ಒತ್ತಿದರೆ ಆ ಸರ್ಟಿಫಿಕೇಟ್ ವೀಸಾಕ್ಕೆ ನಡೆಯಲ್ಲ. ಪಿಯುಸಿ ಆದ ಮೇಲೆ ನೇರ ಬ್ರಿಟನ್‌ಗೆ ಕಳಿಸಬೇಕು ಅನ್ನೋ ಪಾಲಕರು ಇದನ್ನು ಎರಡು ಸಲ ನೋಡಿಕೊಳ್ಳಬೇಕು.

ಆಸ್ಟ್ರೇಲಿಯಾದಲ್ಲಿ ವೀಸಾ ಇಲಾಖೆಯೇ ಅಂಕ ಗೊತ್ತು ಮಾಡಿದೆ. 2024ರ ಮಾರ್ಚ್ 23ರಿಂದ ವಿದ್ಯಾರ್ಥಿ ವೀಸಾಕ್ಕೆ ಐಇಎಲ್‌ಟಿಎಸ್‌ನಲ್ಲಿ ಕನಿಷ್ಠ 6.0 ಬೇಕು, ಅದಕ್ಕೂ ಮೊದಲು 5.5 ಇತ್ತು. ಪಿಟಿಇ ಅಕಾಡೆಮಿಕ್ ಕೂಡ ಅಲ್ಲಿ ನಡೆಯುತ್ತೆ. ಮನೆಯಲ್ಲಿ ಕೂತು ಬರೆಯುವ ಪರೀಕ್ಷೆಗಳನ್ನು ಆಸ್ಟ್ರೇಲಿಯಾ ವೀಸಾ ಇಲಾಖೆ ಒಪ್ಪುವುದಿಲ್ಲ. ಅಂದ್ರೆ ಡ್ಯುಯೊಲಿಂಗೊ ಬರೆದು ಆಸ್ಟ್ರೇಲಿಯಾಕ್ಕೆ ಹೋಗ್ತೀನಿ ಅನ್ನೋದು ಆಗದ ಮಾತು. ಕಾಲೇಜಿನ ಆಫರ್ ಬಂದರೂ ವೀಸಾ ಅರ್ಜಿಯಲ್ಲಿ ಸಿಕ್ಕಿಬೀಳ್ತೀರಿ.

ಕೆನಡಾದ ಬಗ್ಗೆ ನಮ್ಮ ಕಡೆ ಇನ್ನೂ ಹಳೇ ಮಾಹಿತಿಯೇ ಓಡಾಡ್ತಾ ಇದೆ. "ಐಇಎಲ್‌ಟಿಎಸ್ 6 ಬಂದ್ರೆ ಸಾಕು, ಎಸ್‌ಡಿಎಸ್‌ನಲ್ಲಿ ಬೇಗ ವೀಸಾ" ಅಂತ ಯಾರಾದರೂ ಹೇಳಿದರೆ, ಆ ಎಸ್‌ಡಿಎಸ್ ಎಂಬ ಬೇಗದ ದಾರಿಯನ್ನು ಕೆನಡಾ ಸರ್ಕಾರ 2024ರ ನವೆಂಬರ್ 8ರಂದೇ ಮುಚ್ಚಿದೆ ಅಂತ ಅವರಿಗೆ ತಿಳಿಸಿ. ಅದೇ ತಿಂಗಳ 1ನೇ ತಾರೀಖಿನಿಂದ ಇನ್ನೊಂದು ನಿಯಮ ಬಂತು. ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು ಪರ್ಮಿಟ್ ಬೇಕಂದ್ರೆ ಆಗ ಮತ್ತೆ ಭಾಷಾ ಪರೀಕ್ಷೆಯ ಅಂಕ ಕೊಡಬೇಕು. ಆ ಪರ್ಮಿಟ್‌ಗೆ ಐಇಎಲ್‌ಟಿಎಸ್‌ನ "ಅಕಾಡೆಮಿಕ್" ನಡೆಯಲ್ಲ, "ಜನರಲ್ ಟ್ರೈನಿಂಗ್" ಆಗಬೇಕು. ಪಿಟಿಇ ಆದರೆ "ಅಕಾಡೆಮಿಕ್" ಬದಲು "ಕೋರ್" ಬೇಕು. ಹೀಗೆ ಹೋಗೋ ಮುಂಚೆ ಒಂದು ಪರೀಕ್ಷೆ, ಓದು ಮುಗಿದ ಮೇಲೆ ಇನ್ನೊಂದು. ಎರಡೂ ಖರ್ಚು ಲೆಕ್ಕದಲ್ಲಿ ಇಟ್ಟುಕೊಂಡೇ ಹೊರಡಬೇಕು.

ಜರ್ಮನಿಯ ಸರ್ಕಾರಿ ವಿ.ವಿ.ಗಳಲ್ಲಿ ಇಂಗ್ಲಿಷ್ ಮಾಧ್ಯಮದ ಮಾಸ್ಟರ್ಸ್ ಕೋರ್ಸುಗಳಿಗೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಕೇಳ್ತಾರೆ. ಅದಕ್ಕಿಂತ ಮುಖ್ಯವಾಗಿ 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪ್ರಮಾಣಪತ್ರ ತರಲೇಬೇಕು. ಅದಕ್ಕೆ ಸಮಯ ಹಿಡಿಯುತ್ತೆ. ಇಂಗ್ಲಿಷ್ ಪರೀಕ್ಷೆ ಮುಗಿಸಿ ಎಪಿಎಸ್‌ಗೆ ಅರ್ಜಿ ಹಾಕೋಣ ಅಂತ ಕಾಯಬಾರದು, ಎರಡನ್ನೂ ಜೊತೆಗೇ ನಡೆಸಬೇಕು.

ರಷ್ಯಾ, ಕಜಕಸ್ತಾನ, ಜಾರ್ಜಿಯಾ ಕಡೆ ಎಂಬಿಬಿಎಸ್‌ಗೆ ಹೋಗುವವರಿಗೆ ಸಾಮಾನ್ಯವಾಗಿ ಈ ಪರೀಕ್ಷೆಗಳ ಗೊಡವೆ ಇರಲ್ಲ. ಅವರಿಗೆ ನೀಟ್ ಪಾಸಾಗಿರಬೇಕು. ಜೊತೆಗೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದಂತೆ ಕೋರ್ಸು ಕನಿಷ್ಠ 54 ತಿಂಗಳಿನದು ಆಗಿರಬೇಕು, ಪಾಠ ಇಂಗ್ಲಿಷ್‌ನಲ್ಲೇ ನಡೆಯಬೇಕು. "ಐಇಎಲ್‌ಟಿಎಸ್ ಬೇಡ" ಅನ್ನೋದನ್ನೇ ದೊಡ್ಡ ಆಫರ್ ತರಹ ಹೇಳುವವರನ್ನು, ಪಾಠ ಯಾವ ಭಾಷೆಯಲ್ಲಿ ಅಂತ ಲಿಖಿತವಾಗಿ ಕೇಳಿ.

ನಾಲ್ಕು ಪರೀಕ್ಷೆ, ನಾಲ್ಕು ಸ್ವಭಾವ

ಐಇಎಲ್‌ಟಿಎಸ್ ಅನ್ನು ಭಾರತದಲ್ಲಿ 2021ರಿಂದ ಐಡಿಪಿ ಸಂಸ್ಥೆಯೊಂದೇ ನಡೆಸುತ್ತಿದೆ. ಕೇಳೋದು ಅರ್ಧ ಗಂಟೆ, ಓದೋದು ಒಂದು ಗಂಟೆ, ಬರೆಯೋದು ಒಂದು ಗಂಟೆ. ಮಾತಾಡೋದು ಬೇರೆಯಾಗಿ, 11ರಿಂದ 14 ನಿಮಿಷ, ಒಬ್ಬ ಪರೀಕ್ಷಕರ ಜೊತೆ. ಅಂಕ 9ರವರೆಗೆ, ಅರ್ಧ ಅರ್ಧ ಬ್ಯಾಂಡ್ ಲೆಕ್ಕ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇದರಲ್ಲಿ ಒಂದು ಅನುಕೂಲ ಇದೆ. ಎದುರಿಗೆ ಮನುಷ್ಯ ಇರ್ತಾರೆ. ಉಚ್ಚಾರ ನಮ್ಮ ಕಡೆಯದೇ ಇದ್ದರೂ ಅರ್ಥ ಆಗುವಂತಿದ್ದರೆ ತೊಂದರೆ ಇಲ್ಲ. ಪ್ರಶ್ನೆ ಗೊತ್ತಾಗಲಿಲ್ಲ ಅಂದ್ರೆ ಇನ್ನೊಂದ್ಸಲ ಹೇಳ್ರಿ ಅಂತ ಕೇಳಬಹುದು. ಒಂದು ನಿಮಿಷ ಯೋಚಿಸಿ ಎರಡು ನಿಮಿಷ ಮಾತಾಡುವ ಭಾಗದಲ್ಲಿ ಊರು, ಹಬ್ಬ, ನೆನಪಿನಲ್ಲಿ ಉಳಿದ ವ್ಯಕ್ತಿ ಇಂಥ ವಿಷಯಗಳು ಬರ್ತವೆ. ಲಂಡನ್ ಬಗ್ಗೆ ಗೊತ್ತಿರಬೇಕಿಲ್ಲ, ಮುದಗಲ್ ಮೊಹರಂ ಬಗ್ಗೆ ಎರಡು ನಿಮಿಷ ನಿಲ್ಲದೆ ಮಾತಾಡಿದರೆ ಸಾಕು. ಯೂಟ್ಯೂಬ್‌ನಲ್ಲಿ ನೋಡಿ ಬಾಯಿಪಾಠ ಮಾಡಿದ ಉತ್ತರ ಹೇಳಿದರೆ ಪರೀಕ್ಷಕರಿಗೆ ಗೊತ್ತಾಗುತ್ತೆ, ಅಂಕ ಇಳಿಯುತ್ತೆ.

ಕಷ್ಟ ಇರೋದು ಕೇಳುವ ಭಾಗದಲ್ಲಿ ಮತ್ತು ಬರೆಯುವ ಭಾಗದಲ್ಲಿ. ಆಡಿಯೊ ಒಂದೇ ಸಲ ಹಾಕ್ತಾರೆ. ಬ್ರಿಟಿಷರ, ಆಸ್ಟ್ರೇಲಿಯಾದವರ ಉಚ್ಚಾರ ಕಿವಿಗೆ ರೂಢಿ ಇಲ್ಲದಿದ್ದರೆ 40 ಪ್ರಶ್ನೆಯಲ್ಲಿ ಹತ್ತು ಹಂಗೇ ಜಾರಿಹೋಗ್ತವೆ. ಬರೆಯುವಲ್ಲಿ ಮೊದಲು ಒಂದು ಗ್ರಾಫ್ ಅಥವಾ ಕೋಷ್ಟಕ ನೋಡಿ ಕನಿಷ್ಠ 150 ಪದ, ಆಮೇಲೆ ಒಂದು ವಿಷಯದ ಮೇಲೆ ಕನಿಷ್ಠ 250 ಪದದ ಪ್ರಬಂಧ. ಪಿಯುಸಿಯಲ್ಲಿ ಗೈಡ್ ನೋಡಿ ಇಂಗ್ಲಿಷ್ ಪಾಸಾದವರು ಇಲ್ಲಿ 5.5ಕ್ಕೆ ನಿಂತುಬಿಡ್ತಾರೆ. ವಿ.ವಿ.ಗಳು "ಒಟ್ಟು 6.5, ಯಾವುದರಲ್ಲೂ 6ಕ್ಕಿಂತ ಕಡಿಮೆ ಇರಬಾರದು" ಅಂತ ಕೇಳೋದು ಸಾಮಾನ್ಯ. ಒಟ್ಟು 6.5 ಬಂದರೂ ಬರವಣಿಗೆಯಲ್ಲಿ 5.5 ಬಂದರೆ ಕೆಲಸ ಕೆಟ್ಟಿತು. ಕಂಪ್ಯೂಟರ್‌ನಲ್ಲಿ ಬರೆದವರಿಗೆ 60 ದಿನದೊಳಗೆ ಒಂದು ಭಾಗವನ್ನು ಮಾತ್ರ ಮತ್ತೆ ಬರೆಯುವ ಅವಕಾಶ ಇದೆ, ಆದರೆ ಎಲ್ಲ ವಿ.ವಿ.ಗಳೂ ಅದನ್ನು ಒಪ್ಪಲ್ಲ. ಮೊದಲೇ ಇ-ಮೇಲ್ ಹಾಕಿ ಕೇಳಿಕೊಳ್ಳಬೇಕು.

ಪಿಟಿಇ ಪೂರ್ತಿ ಕಂಪ್ಯೂಟರ್. ಪಿಯರ್ಸನ್ ಕಂಪನಿಯದು, ಎರಡು ಗಂಟೆ, ಅಂಕ 10ರಿಂದ 90. ಹೆಡ್‌ಫೋನ್ ಹಾಕಿಕೊಂಡು ಮೈಕಿನಲ್ಲಿ ಮಾತಾಡಬೇಕು. ಅದೇ ಹಾಲಿನಲ್ಲಿ ಪಕ್ಕದವರೂ ಜೋರಾಗಿ ಮಾತಾಡ್ತಾ ಇರ್ತಾರೆ, ಸಂತೆಯಲ್ಲಿ ನಿಂತು ಫೋನಿನಲ್ಲಿ ಮಾತಾಡಿದಂಗೆ. ಮೂರು ಸೆಕೆಂಡ್ ಸುಮ್ಮನಾದರೆ ಮೈಕ್ ಬಂದಾಗುತ್ತೆ. ಹೇಳಿದ್ದನ್ನ ತಿದ್ದಿ ತಿದ್ದಿ ಹೇಳೋ ಸ್ವಭಾವ ಇದ್ದವರಿಗೆ ಇದು ಆಗಿಬರಲ್ಲ, ತಪ್ಪಾದರೂ ಹರಿದಂಗೆ ಮಾತಾಡೋರಿಗೆ ಲಾಭ. ಮನುಷ್ಯರ ಮುಂದೆ ನಾಲಿಗೆ ಒಣಗುವ ಮಕ್ಕಳು ಕೆಲವರು ಮೆಷಿನ್ ಮುಂದೆ ಚಲೋ ಮಾತಾಡ್ತಾರೆ. ಫಲಿತಾಂಶ ಸಾಮಾನ್ಯವಾಗಿ ಎರಡು ದಿನದಲ್ಲಿ ಬರುತ್ತೆ. ಅರ್ಜಿಯ ಕೊನೆ ದಿನ ಹತ್ತಿರ ಬಂದಾಗ ಇದು ದೊಡ್ಡ ಅನುಕೂಲ.

ಟೋಫೆಲ್ ಅಮೆರಿಕದ ಇಟಿಎಸ್ ಸಂಸ್ಥೆಯದು. ಇದರ ಬಗ್ಗೆ ಅಣ್ಣ-ಅಕ್ಕಂದಿರ ಹಳೇ ಪುಸ್ತಕ ಇಟ್ಟುಕೊಂಡವರು ಅದನ್ನು ಪಕ್ಕಕ್ಕಿಡಬೇಕು. 2026ರ ಜನವರಿ 21ರಿಂದ ಪರೀಕ್ಷೆಯ ಸ್ವರೂಪವೇ ಬದಲಾಗಿದೆ. ಮೊದಲು 120ಕ್ಕೆ ಇದ್ದ ಅಂಕ ಈಗ 1ರಿಂದ 6ರ ಅಳತೆಯಲ್ಲಿ ಬರುತ್ತೆ, ಹಳೇ 120ರ ಲೆಕ್ಕಕ್ಕೆ ಹೊಂದುವ ಅಂಕವನ್ನೂ ಎರಡು ವರ್ಷ ಜೊತೆಗೆ ತೋರಿಸ್ತಾರೆ. ಓದುವ, ಕೇಳುವ ಭಾಗದಲ್ಲಿ ನೀವು ಕೊಡುವ ಉತ್ತರ ನೋಡಿ ಮುಂದಿನ ಪ್ರಶ್ನೆಗಳ ಮಟ್ಟ ಏರುತ್ತೆ, ಇಳಿಯುತ್ತೆ.

ಡ್ಯುಯೊಲಿಂಗೊ ಅಗ್ಗ, 70 ಡಾಲರ್ ಆಸುಪಾಸು, ಅಂದ್ರೆ 6 ಸಾವಿರ ಚಿಲ್ಲರೆ. ಮನೆಯಲ್ಲೇ, ಲ್ಯಾಪ್‌ಟಾಪ್‌ನಲ್ಲಿ, ಒಂದು ತಾಸಿನಲ್ಲಿ ಮುಗಿಯುತ್ತೆ. ಅಂಕ 10ರಿಂದ 160. ಬೆಂಗಳೂರು, ಹೈದರಾಬಾದ್ ಓಡಾಟ ಇಲ್ಲ. ಕೇಳಿದರೆ ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದಂಗೆ ಇದೆ. ಆದರೆ ನಮ್ಮ ಮನೆಗಳು ಇದಕ್ಕೆ ಹೇಳಿ ಮಾಡಿಸಿದಂಗಿಲ್ಲ. ಕ್ಯಾಮೆರಾ ಪೂರ್ತಿ ಹೊತ್ತು ನೋಡ್ತಾ ಇರುತ್ತೆ. ಕೋಣೆಯಲ್ಲಿ ಒಬ್ಬರೇ ಇರಬೇಕು, ಕಣ್ಣು ಪರದೆಯಿಂದ ಆಚೀಚೆ ಹೋಗಬಾರದು, ಇಯರ್‌ಫೋನ್ ಹಾಕಬಾರದು. ಅಮ್ಮ ಚಹಾ ಹಿಡಿದು ಬಂದರೆ, ಅಜ್ಜಿ ಬಾಗಿಲು ತೆಗೆದು "ಏನ್ ಮಾಡಾಕತ್ತಿಯಪಾ" ಅಂದರೆ ಪರೀಕ್ಷೆಗೆ ಮಾನ್ಯತೆ ಸಿಗದೇ ಹೋಗಬಹುದು. ಕರೆಂಟ್ ಹೋಗಿ ನೆಟ್ ನಿಂತರೂ ಅಷ್ಟೇ. ಯುಪಿಎಸ್ ಇರುವ, ರೈಸ್ ಮಿಲ್ ಸದ್ದು, ಮದುವೆ ಬ್ಯಾಂಡ್ ಕೇಳದ ಕೋಣೆ ಮೊದಲು ಹುಡುಕಿ. ಇದರ ಮಾದರಿ ಪರೀಕ್ಷೆ ಉಚಿತವಾಗಿ ಸಿಗುತ್ತೆ. ಬೇರೆ ಪರೀಕ್ಷೆ ಬರೆಯುವವರು ಕೂಡ ತಮ್ಮ ಇಂಗ್ಲಿಷ್ ಎಲ್ಲಿದೆ ಅಂತ ತಿಳಿಯಲು ಅದನ್ನೊಮ್ಮೆ ಮಾಡಿ ನೋಡಬಹುದು, ಕಾಸು ಖರ್ಚಿಲ್ಲ.

ಇನ್ನೊಂದು ಮಾತು. ಇವತ್ತಿನ ಬಹುತೇಕ ಪರೀಕ್ಷೆಗಳಲ್ಲಿ ಪ್ರಬಂಧ ಟೈಪ್ ಮಾಡಬೇಕು. ನಮ್ಮ ಹುಡುಗರು ಮೊಬೈಲ್‌ನಲ್ಲಿ ಎರಡು ಹೆಬ್ಬೆರಳಿನಲ್ಲಿ ಗಾಳಿ ಹೊಡೆದಂಗೆ ಟೈಪ್ ಮಾಡ್ತಾರೆ, ಕೀಬೋರ್ಡ್ ಮುಂದೆ ಕೂತರೆ "ಎ" ಎಲ್ಲಿದೆ ಅಂತ ಹುಡುಕ್ತಾರೆ. ಕೋಚಿಂಗ್‌ಗೆ ಸಾವಿರಾರು ರೂಪಾಯಿ ಕಟ್ಟುವ ಮುಂಚೆ ಎರಡು ತಿಂಗಳು ಟೈಪಿಂಗ್ ಕ್ಲಾಸಿಗೆ ಹೋದರೂ ಅರ್ಧ ಬ್ಯಾಂಡ್ ಮೇಲೇಳುವ ಮಕ್ಕಳಿದ್ದಾರೆ.

ನರ್ಸಿಂಗ್ ಓದಿದವರಿಗೆ ಲೆಕ್ಕ ಬೇರೆ

ನರ್ಸಿಂಗ್ ಮುಗಿಸಿ ಬ್ರಿಟನ್‌ನಲ್ಲಿ ಕೆಲಸಕ್ಕೆ ಹೋಗಬೇಕು ಅನ್ನೋರು ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ಎರಡೇ ಪರೀಕ್ಷೆ: ಐಇಎಲ್‌ಟಿಎಸ್ ಅಕಾಡೆಮಿಕ್ ಅಥವಾ ಒಇಟಿ. ಐಇಎಲ್‌ಟಿಎಸ್ ಆದರೆ ಓದುವ, ಕೇಳುವ, ಮಾತಾಡುವ ಭಾಗಗಳಲ್ಲಿ 7, ಬರೆಯುವುದರಲ್ಲಿ 6.5. ಒಇಟಿ ಆದರೆ ಮೂರರಲ್ಲಿ "ಬಿ" ಗ್ರೇಡ್, ಬರವಣಿಗೆಯಲ್ಲಿ "ಸಿ ಪ್ಲಸ್". ಒಇಟಿ ವೈದ್ಯಕೀಯ ಕ್ಷೇತ್ರದವರಿಗೇ ಮಾಡಿದ ಪರೀಕ್ಷೆ. ಇದರಲ್ಲಿ ಹವಾಮಾನ ಬದಲಾವಣೆ ಬಗ್ಗೆ ಪ್ರಬಂಧ ಇರಲ್ಲ. ಒಬ್ಬ ರೋಗಿಯ ವಿವರ ಕೊಟ್ಟು ಬೇರೆ ಆಸ್ಪತ್ರೆಗೋ ವೈದ್ಯರಿಗೋ ಪತ್ರ ಬರೀರಿ ಅಂತಾರೆ. ಮಾತಾಡುವ ಭಾಗದಲ್ಲಿ ಪರೀಕ್ಷಕರು ರೋಗಿ, ನೀವು ನರ್ಸ್. ವಾರ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದವರಿಗೆ ಇದು ಪರಿಚಯದ ಪ್ರಪಂಚ. ಫೀ ಮಾತ್ರ ಜಾಸ್ತಿ, 30 ಸಾವಿರ ದಾಟುತ್ತೆ. ಐಇಎಲ್‌ಟಿಎಸ್ ಎರಡು ಸಲ ಬರೆದು 6.5ಕ್ಕೇ ನಿಂತವರು ಮೂರನೇ ಸಲ ಅದನ್ನೇ ಬರೆಯುವ ಬದಲು ಒಇಟಿ ಕಡೆ ನೋಡೋದು ಲೆಕ್ಕದಲ್ಲಿ ಸರಿ ಅನಿಸುತ್ತೆ.

ಜರ್ಮನಿಗೆ ನರ್ಸ್ ಆಗಿ ಹೋಗೋರಿಗೆ ಈ ಇಂಗ್ಲಿಷ್ ಪರೀಕ್ಷೆ ಯಾವುದೂ ಉಪಯೋಗಕ್ಕೆ ಬರಲ್ಲ. ಅಲ್ಲಿ ಜರ್ಮನ್ ಭಾಷೆಯ ಬಿ1, ಬಿ2 ಮಟ್ಟ ಕೇಳ್ತಾರೆ. ಸೌದಿ, ದುಬೈ ಕಡೆ ಹೋಗೋರಿಗೆ ಅಲ್ಲಿನ ಲೈಸೆನ್ಸ್ ಪರೀಕ್ಷೆ ಮುಖ್ಯ. "ಎಲ್ಲಿಗಾದರೂ ಹೋಗ್ರಿ, ಐಇಎಲ್‌ಟಿಎಸ್ ಒಂದು ಮಾಡಿಟ್ಟುಕೊಳ್ರಿ" ಅನ್ನೋ ಸಲಹೆ ಕೋಚಿಂಗ್ ಸೆಂಟರಿಗೆ ಒಳ್ಳೇದು, ಮನೆಯವರ ಜೇಬಿಗೆ ಒಳ್ಳೇದಲ್ಲ. ಈ ಯಾವ ಸ್ಕೋರ್ ಕೂಡ ಕೈಯಲ್ಲಿ ಇಟ್ಟುಕೊಂಡು ಕೂರುವಂಥದ್ದಲ್ಲ, ಎರಡು ವರ್ಷಕ್ಕೆ ಅವಧಿ ಮುಗಿಯುತ್ತೆ.

ಬರೆಯದೇ ಹೋಗಬಹುದಾ?

ಕೆಲವರಿಗೆ ಹೌದು. ಬ್ರಿಟನ್‌ನ ಹಲವು ವಿ.ವಿ.ಗಳು 12ನೇ ತರಗತಿಯ ಇಂಗ್ಲಿಷ್ ಅಂಕ ನೋಡಿ ಪರೀಕ್ಷೆಯಿಂದ ವಿನಾಯಿತಿ ಕೊಡ್ತವೆ. ಯಾವ ಯಾವ ಬೋರ್ಡ್, ಎಷ್ಟು ಶೇಕಡಾ ಅನ್ನೋದು ಆ ವಿ.ವಿ.ಯ "ಭಾರತ" ಪುಟದಲ್ಲಿ ಇರುತ್ತೆ. ಪಿಯುಸಿ ಇಂಗ್ಲಿಷ್‌ನಲ್ಲಿ 80, 85 ತೆಗೆದವರು ಮೊದಲು ಇದನ್ನು ನೋಡಬೇಕು. ಇನ್ನು ಕೆಲವು ಕಡೆ ಡಿಗ್ರಿಯನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಾರೆ ಅಂತ ಕಾಲೇಜಿನಿಂದ ಪತ್ರ ತಂದರೆ ಸಾಕು. ಲೆಟರ್‌ಹೆಡ್, ಸೀಲು, ಪ್ರಿನ್ಸಿಪಾಲರ ಸಹಿ ಇರಬೇಕು. ಪರಿಶೀಲನೆಗೆ ಅಲ್ಲಿಂದ ಇ-ಮೇಲ್ ಬಂದರೆ ಕಾಲೇಜಿನವರು ಉತ್ತರ ಕೊಡುವಂತಿರಬೇಕು. ನಮ್ಮ ಕಡೆ ಈ ಪತ್ರ ಸಿಗೋದು ಸುಲಭ, ಇ-ಮೇಲ್‌ಗೆ ಉತ್ತರ ಸಿಗೋದೇ ಕಷ್ಟ.

ಇನ್ನೊಂದು ಗೊತ್ತಿರಬೇಕಾದ ಸಂಗತಿ: ಅರ್ಜಿ ಹಾಕುವಾಗಲೇ ಸ್ಕೋರ್ ಇರಬೇಕು ಅಂತ ಎಲ್ಲ ಕಡೆ ಕಡ್ಡಾಯ ಇಲ್ಲ. ಬ್ರಿಟನ್ ವಿ.ವಿ.ಗಳು ಸಾಮಾನ್ಯವಾಗಿ ಷರತ್ತಿನ ಆಫರ್ ಕೊಡ್ತವೆ: ಇಷ್ಟು ಬ್ಯಾಂಡ್ ತಂದರೆ ಸೀಟು ಪಕ್ಕಾ. ಯಾವ ವಿ.ವಿ. ಎಷ್ಟು ಕೇಳುತ್ತೆ ಅಂತ ಗೊತ್ತಾದ ಮೇಲೆ ಪರೀಕ್ಷೆ ಬರೆದರೆ ಅನಗತ್ಯ ಖರ್ಚು ಉಳಿಯುತ್ತೆ. ಆದರೆ ಸ್ಕಾಲರ್‌ಶಿಪ್ ಬೇಕಾದವರು ಹಂಗೆ ಕಾಯೋಕಾಗಲ್ಲ. ಪರಿಶಿಷ್ಟ ಜಾತಿಯವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು, ವಯಸ್ಸು 35 ಮೀರಿರಬಾರದು. ಅಲ್ಲಿ ಷರತ್ತಿಲ್ಲದ ಆಫರ್ ಕೇಳ್ತಾರೆ. ಷರತ್ತಿಲ್ಲದ ಆಫರ್ ಬೇಕಂದ್ರೆ ಮೊದಲು ಸ್ಕೋರ್ ಇರಬೇಕು. ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ "ಪ್ರಬುದ್ಧ" ಯೋಜನೆ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗಿದೆ. ಅರ್ಜಿ ಕರೆದ ಮೇಲೆ ಪರೀಕ್ಷೆ ಬುಕ್ ಮಾಡಿದರೆ ತಡವಾಗುತ್ತೆ.

ಸಾಲದ ವಿಷಯವನ್ನೂ ಪರೀಕ್ಷೆಗೆ ಮೊದಲೇ ಬ್ಯಾಂಕಿನಲ್ಲಿ ಕೇಳಿಬಿಡಬೇಕು. ನಮ್ಮ ತಾಲೂಕುಗಳಲ್ಲಿ ಹತ್ತು ಎಕರೆ ನೀರಾವರಿ ಜಮೀನಿದ್ದವರು "ನಮ್ಗೇನ್ರೀ, ಹೊಲ ಐತಿ, ಸಾಲ ಕೊಡ್ತಾರ" ಅಂದುಕೊಂಡಿರ್ತಾರೆ. ಶಿಕ್ಷಣ ಸಾಲಕ್ಕೆ ಕೃಷಿ ಭೂಮಿಯನ್ನು ಬ್ಯಾಂಕುಗಳು ಸಾಮಾನ್ಯವಾಗಿ ಭದ್ರತೆಯಾಗಿ ತಗೊಳ್ಳಲ್ಲ. 2002ರ ಸರ್ಫೇಸಿ ಕಾಯ್ದೆಯಡಿ ಕೃಷಿ ಭೂಮಿಯನ್ನು ಬ್ಯಾಂಕು ವಶಕ್ಕೆ ಪಡೆದು ಮಾರುವಂತಿಲ್ಲ, ಅದಕ್ಕೆ. ಮನೆ, ಎನ್‌ಎ ಆದ ಪ್ಲಾಟ್, ಅಂಗಡಿ ಮಳಿಗೆ ನಡೆಯುತ್ತೆ. ಸ್ಕೋರ್ ಬಂದು, ಸೀಟು ಸಿಕ್ಕು, ಕೊನೆಗೆ ಸಾಲ ಆಗದೆ ನಿಂತರೆ ಎರಡು ವರ್ಷದ ಸ್ಕೋರ್ ಕಣ್ಣ ಮುಂದೆ ಹಳೆಯದಾಗುತ್ತೆ. ಬ್ರಿಟನ್ ವೀಸಾಕ್ಕೆ ಖಾತೆಯಲ್ಲಿ ದುಡ್ಡು ಸತತ 28 ದಿನ ಇರಬೇಕು ಅನ್ನೋದನ್ನೂ ಭತ್ತ ಮಾರುವ ಹೊತ್ತಿಗೆ ಹೊಂದಿಸಿಕೊಳ್ಳಬೇಕಾಗುತ್ತೆ.

"ಸ್ಕೋರ್ ನಾವ್ ಕೊಡಸ್ತೀವಿ" ಅನ್ನೋರು

ಕನ್ಸಲ್ಟೆನ್ಸಿಗಳಿಗೆ ಆದಾಯ ಬರುವುದು ಹೆಚ್ಚಾಗಿ ವಿದೇಶಿ ಕಾಲೇಜುಗಳು ಕೊಡುವ ಕಮಿಷನ್‌ನಿಂದ. ಅದರಲ್ಲಿ ತಪ್ಪೇನಿಲ್ಲ, ಬೀಜ-ಗೊಬ್ಬರದ ಅಂಗಡಿಗೂ ಕಂಪನಿ ಕಮಿಷನ್ ಇರುತ್ತೆ. ಆದರೆ ಅವರು ತೋರಿಸುವ ಕಾಲೇಜು ಯಾಕೆ ಅದೇ ಅಂತ ಗಿರಾಕಿಗೆ ಗೊತ್ತಿರಬೇಕು. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಅವರ ಹೆಸರನ್ನು ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಓದಲು ಕಳಿಸುವ ಕನ್ಸಲ್ಟೆನ್ಸಿಗೆ ಆ ಕಾಯ್ದೆ ಅನ್ವಯಿಸಲ್ಲ. ಬೋರ್ಡ್ ಹಾಕಿದವರೆಲ್ಲ ಕನ್ಸಲ್ಟೆಂಟರೇ.

ಇವರಲ್ಲಿ ಯಾರಾದರೂ ಪರೀಕ್ಷೆ ಬರೆಯದೆ ಸರ್ಟಿಫಿಕೇಟ್ ಕೊಡಸ್ತೀವಿ, ಇಲ್ಲಾ ಬೇರೆಯವರಿಂದ ಬರೆಸ್ತೀವಿ ಅಂದರೆ ಅಲ್ಲಿಂದ ಎದ್ದು ಬರಬೇಕು. 2022ರಲ್ಲಿ ಗುಜರಾತಿನ ಕೆಲವು ಯುವಕರು ಕೆನಡಾದಿಂದ ಅಮೆರಿಕಕ್ಕೆ ನದಿ ದಾಟುವಾಗ ದೋಣಿ ಮುಳುಗಿ ಸಿಕ್ಕಿಬಿದ್ದರು. ಅಮೆರಿಕದ ಕೋರ್ಟಿನಲ್ಲಿ ನ್ಯಾಯಾಧೀಶರ ಇಂಗ್ಲಿಷ್ ಪ್ರಶ್ನೆಗೆ ಉತ್ತರ ಕೊಡಲು ಆಗಲಿಲ್ಲ. ಕೈಯಲ್ಲಿದ್ದ ಐಇಎಲ್‌ಟಿಎಸ್ ಸ್ಕೋರ್ ಮಾತ್ರ 6.5ರಿಂದ 7. ಮೆಹ್ಸಾಣಾ ಪೊಲೀಸರು ತನಿಖೆ ಶುರು ಮಾಡಿದ್ದು ಅಲ್ಲಿಂದಲೇ.

ಅದಕ್ಕಿಂತ ದೊಡ್ಡದು ಬ್ರಿಟನ್‌ನ ಕತೆ. 2014ರ ಫೆಬ್ರವರಿಯಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ, ಇಟಿಎಸ್ ನಡೆಸುತ್ತಿದ್ದ ಇಂಗ್ಲಿಷ್ ಪರೀಕ್ಷೆಯಲ್ಲಿ ಬೇರೆಯವರು ಕೂತು ಬರೆಯೋದನ್ನು ಗುಪ್ತ ಕ್ಯಾಮೆರಾದಲ್ಲಿ ತೋರಿಸಿತು. 2011ರಿಂದ 2014ರ ನಡುವೆ ನಡೆದ 58 ಸಾವಿರಕ್ಕೂ ಹೆಚ್ಚು ಪರೀಕ್ಷೆಗಳಲ್ಲಿ ಶೇ 97ರಷ್ಟು ಅನುಮಾನಾಸ್ಪದ ಅಂತ ಸಂಸ್ಥೆ ವರದಿ ಕೊಟ್ಟಿತು, ಗೃಹ ಇಲಾಖೆ ಸಾವಿರಾರು ವೀಸಾ ರದ್ದು ಮಾಡಿತು. ನಿಜವಾಗಿ ಬರೆದಿದ್ದ ವಿದ್ಯಾರ್ಥಿಗಳು ಕೂಡ ಅದರಲ್ಲಿ ಸಿಕ್ಕಿ, ತಾವು ಮೋಸ ಮಾಡಿಲ್ಲ ಅಂತ ಸಾಬೀತು ಮಾಡಲು ವರ್ಷಗಟ್ಟಲೆ ಕೋರ್ಟಿಗೆ ಅಲೆದರು. ಅವರಲ್ಲಿ ಭಾರತದವರೂ ಇದ್ದರು. ಸ್ಕೋರ್ ಶೀಟಿನ ಜೊತೆ ಪರೀಕ್ಷೆಯ ದಿನ ತೆಗೆದ ಫೋಟೊ, ಧ್ವನಿ ಇವತ್ತೂ ಉಳಿದಿರುತ್ತವೆ. ವಿ.ವಿ.ಗಳು ಸ್ಕೋರನ್ನು ಪರೀಕ್ಷಾ ಸಂಸ್ಥೆಯ ವ್ಯವಸ್ಥೆಯಲ್ಲೇ ನೇರ ನೋಡುತ್ತವೆ, ಜೆರಾಕ್ಸ್ ನಂಬೋದಿಲ್ಲ.

ಬುಕಿಂಗ್ ಅನ್ನು ಪರೀಕ್ಷೆಯ ಅಧಿಕೃತ ವೆಬ್‌ಸೈಟ್‌ನಲ್ಲೇ ಮಾಡಿ. ಖಾತೆಗೆ ವಿದ್ಯಾರ್ಥಿಯದೇ ಇ-ಮೇಲ್, ವಿದ್ಯಾರ್ಥಿಯದೇ ಮೊಬೈಲ್ ನಂಬರ್ ಇರಲಿ. ಏಜೆಂಟರ ಇ-ಮೇಲ್ ಹಾಕಿದರೆ ಸ್ಕೋರ್ ಅವರ ಕೈಗೆ ಹೋಗುತ್ತೆ, ಆಮೇಲೆ ಬೇರೆ ಕನ್ಸಲ್ಟೆನ್ಸಿಗೆ ಹೋಗ್ತೀನಿ ಅಂದಾಗ ಪಾಸ್‌ವರ್ಡ್ ಸಿಗಲ್ಲ.

ಹೆಸರು, ಪಾಸ್‌ಪೋರ್ಟ್, ಪ್ರಯಾಣ

ಐಇಎಲ್‌ಟಿಎಸ್, ಪಿಟಿಇಗೆ ಭಾರತದಲ್ಲಿ ಪಾಸ್‌ಪೋರ್ಟ್ ಇಲ್ಲದೆ ಕೂರಿಸಲ್ಲ. ಆಧಾರ್ ತೋರಿಸಿದರೆ ಗೇಟಿನಿಂದಲೇ ವಾಪಸ್. ಹಾಗಾಗಿ ಮೊದಲ ಕೆಲಸ ಪಾಸ್‌ಪೋರ್ಟ್, ಸಾಮಾನ್ಯ ಅರ್ಜಿಗೆ 1,500 ರೂಪಾಯಿ. ಅದಕ್ಕೂ ಮೊದಲು ಹೆಸರು ಸರಿ ಮಾಡಿಸಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಹೆಸರು, ಆಧಾರ್‌ನಲ್ಲಿ ಹೆಸರಿನ ಜೊತೆ ತಂದೆ ಹೆಸರು, ಡಿಗ್ರಿ ಅಂಕಪಟ್ಟಿಯಲ್ಲಿ ಊರಿನ ಹೆಸರೇ ಅಡ್ಡಹೆಸರು: ನಮ್ಮ ಕಡೆ ಒಬ್ಬರಿಗೇ ಮೂರು ಹೆಸರು ಇರೋದು ಮಾಮೂಲು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ "ಮೊದಲ ಹೆಸರು ಗೊತ್ತಿಲ್ಲ" ಅನ್ನೋ ಅರ್ಥದ ಮೂರಕ್ಷರ ಬಂದು ಕೂರುತ್ತೆ, ಅದು ಮುಂದೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಬೆನ್ನಟ್ಟುತ್ತೆ. ಒಂದು ಹೆಸರಿನ ಬೆಲೆ ಮಸ್ಕಿಯವರಿಗೆ ಹೇಳಬೇಕಾಗಿಲ್ಲ. 1915ರಲ್ಲಿ ಇಲ್ಲಿ ಸಿಕ್ಕ ಬಂಡೆಗಲ್ಲಿನ ಶಾಸನದಲ್ಲಿ "ಅಶೋಕ" ಅಂತ ಹೆಸರು ಕೆತ್ತಿದ್ದರಿಂದಲೇ ಬೇರೆ ಶಾಸನಗಳ "ದೇವಾನಾಂಪ್ರಿಯ" ಯಾರು ಅಂತ ಜಗತ್ತಿಗೆ ಖಾತ್ರಿಯಾಗಿದ್ದು. ಪರೀಕ್ಷೆಯ ಅರ್ಜಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಅಕ್ಷರಕ್ಕೆ ಅಕ್ಷರ ಇರಬೇಕು.

ಪರೀಕ್ಷಾ ಕೇಂದ್ರಕ್ಕೆ ಇಲ್ಲಿನವರು ಸಾಮಾನ್ಯವಾಗಿ ಬೆಂಗಳೂರು ಇಲ್ಲಾ ಹೈದರಾಬಾದಿಗೆ ಹೋಗ್ತಾರೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನಿಂದ ಹೈದರಾಬಾದ್ ಹತ್ತಿರ. ಬೆಂಗಳೂರಿಗಾದರೆ 2024ರಿಂದ ಸಿಂಧನೂರಿನಿಂದಲೇ ಯಶವಂತಪುರಕ್ಕೆ ರೈಲಿದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆಳಿಗ್ಗೆ ನೇರ ಪರೀಕ್ಷೆಗೆ ಹೋಗೋದು ಬೇಡ. ಅರ್ಧ ಗಂಟೆ ಕಿವಿಗೊಟ್ಟು ಕೇಳಬೇಕಾದ ಪರೀಕ್ಷೆ, ನಿದ್ದೆಗಣ್ಣಲ್ಲಿ ಆಗಲ್ಲ. ಹಿಂದಿನ ದಿನವೇ ಹೋಗಿ ಉಳಿದುಕೊಂಡರೆ ಲಾಡ್ಜ್ ಬಾಡಿಗೆ ಒಂದು ಚೀಲ ಭತ್ತದಷ್ಟಾಗಬಹುದು. ಐಇಎಲ್‌ಟಿಎಸ್ ಬುಕ್ ಮಾಡುವವರು ಮಾತಾಡುವ ಭಾಗ ಅದೇ ದಿನ ಇದೆಯಾ, ಬೇರೆ ದಿನ ಇದೆಯಾ ಅಂತ ನೋಡಿ ಸ್ಲಾಟ್ ತಗೊಂಡರೆ ಎರಡು ಸಲ ಓಡಾಡೋದು ತಪ್ಪುತ್ತೆ. ಬುಕ್ ಮಾಡುವಾಗ ಕೊಟ್ಟ ಅದೇ ಪಾಸ್‌ಪೋರ್ಟ್ ಜೇಬಿನಲ್ಲಿ ಇರಬೇಕು, ನಡುವೆ ರಿನ್ಯೂ ಮಾಡಿಸಿದ್ದರೆ ನಂಬರ್ ಬದಲಾಗಿರುತ್ತೆ. ಹಂಗೇನಾದರೂ ಆಗಿದ್ದರೆ ಪರೀಕ್ಷೆಗೆ ಮುಂಚೆಯೇ ಸಂಸ್ಥೆಗೆ ಇ-ಮೇಲ್ ಮಾಡಿ ತಿದ್ದಿಸಿಕೊಳ್ಳಬೇಕು.